“ದಾಖಲೆ ಸುಟ್ಟುಹೋಗಿದೆ” ಅನ್ನುವವರಿಗೆ ದುಡ್ಡು ಕೊಡಬೇಡಿ

ಹೋದ ವರ್ಷ ನಮ್ಮ ಅತ್ತೆಯವರು ಐರ್ಲೆಂಡಿನ ಒಂದು ಹಳ್ಳಿಯಲ್ಲಿ, ಹಳೇ ಸಮಾಧಿಯೊಂದರ ಮುಂದೆ ಹೂವಿಟ್ಟು ಅತ್ತರು. ಅವರಿಗೆ 81 ವರ್ಷ. ಅದು ಅವರ ಮನೆತನದ ಸಮಾಧಿಯೇ ಅಲ್ಲ ಅಂತ ಗೊತ್ತಾಗಿದ್ದು ಮೂರು ತಿಂಗಳ ಮೇಲೆ. ಅಮೆರಿಕದಲ್ಲಿ ಐರಿಷ್ ಮನೆತನಕ್ಕೆ ಸೊಸೆಯಾಗಿಯೋ ಅಳಿಯನಾಗಿಯೋ ಸೇರಿದ ಕನ್ನಡಿಗರು ಇದನ್ನು ದಯವಿಟ್ಟು ಓದಿ.

ನನ್ನ ತವರು ವಿಜಯಪುರ ಕಡೆ. ಚಿಕ್ಕಂದಿನಲ್ಲಿ ಹೆಳವರು ಮನೆಗೆ ಬರುತ್ತಿದ್ದರು. ಮುತ್ತಜ್ಜನ ಹೆಸರು, ಅವರ ಅಪ್ಪನ ಹೆಸರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದರು ಎಲ್ಲ ಹೇಳುತ್ತಿದ್ದರು. ಅಜ್ಜಿ ಮೊರದ ತುಂಬ ಜೋಳ ಕೊಡುತ್ತಿದ್ದಳು. ವಂಶ ಹೇಳುವವರು ಸುಳ್ಳು ಹೇಳುವುದಿಲ್ಲ ಅನ್ನೋದು ಆಗಲೇ ನನ್ನ ಮನಸ್ಸಿನಲ್ಲಿ ಕೂತಿತ್ತು. ಬಾಸ್ಟನ್‌ನಲ್ಲಿ ಅತ್ತೆಯವರು “ನನ್ನ ಅಜ್ಜಿ ಯಾವ ಊರಿನವಳು ಅಂತ ಒಮ್ಮೆ ತಿಳೀಬೇಕು” ಅಂದಾಗ, ವಂಶವೃಕ್ಷ ಮಾಡಿಕೊಡುವ ಒಂದು ಸಂಸ್ಥೆಗೆ ನಾನೇ 900 ಡಾಲರ್ ಕಟ್ಟಿದೆ.

ಆರು ವಾರಕ್ಕೆ ಚಂದದ ಪುಸ್ತಕ ಬಂತು. ಅಜ್ಜಿಯ ಹೆಸರು ಮೇರಿ, ಮನೆತನ ಸಲಿವನ್, ಹುಟ್ಟಿದ್ದು 1868ರಲ್ಲಿ, ಕಾರ್ಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಒಂದು ಹಳ್ಳಿಯಲ್ಲಿ. ಜೊತೆಗೆ ಫ್ರೇಮ್ ಹಾಕಿದ ‘ಮನೆತನದ ಲಾಂಛನ’. (ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಒಂದೇ ಅಡ್ಡಹೆಸರಿನ ಎಲ್ಲರಿಗೂ ಅದು ಸೇರುವುದಿಲ್ಲ.) ದಾಖಲೆಗಳ ಪ್ರತಿ ಎಲ್ಲಿ ಅಂತ ಕೇಳಿದೆ. “1922ರಲ್ಲಿ ಡಬ್ಲಿನ್‌ನಲ್ಲಿ ಎಲ್ಲ ಸುಟ್ಟುಹೋಯಿತು” ಅಂದರು. ಹುಡುಕಿ ನೋಡಿದೆ, ಬೆಂಕಿ ಬಿದ್ದದ್ದು ನಿಜ. ಅಷ್ಟಕ್ಕೇ ಸುಮ್ಮನಾದೆ. ನಾನು ತಪ್ಪಿದ್ದು ಅಲ್ಲೇ.

ಆ ಮಾತು ಅರ್ಧ ಮಾತ್ರ ನಿಜ. 1922ರ ಜೂನ್‌ನಲ್ಲಿ, ಅಂತರ್ಯುದ್ಧದ ಹೊತ್ತಿಗೆ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಅನ್ನುವ ನ್ಯಾಯಾಲಯದ ಆವರಣದ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟಿತು. 1821ರಿಂದ 1851ರವರೆಗಿನ ಜನಗಣತಿಗಳು ಬಹುಪಾಲು ಹೋದವು. ಉಯಿಲುಗಳು, ಪ್ರಾಟೆಸ್ಟೆಂಟ್ ಚರ್ಚ್‌ಗಳ ಎಷ್ಟೋ ಪುಸ್ತಕಗಳು ಹೋದವು. ಆದರೆ ಕ್ಯಾಥೊಲಿಕ್ ಚರ್ಚ್‌ಗಳ ಪುಸ್ತಕಗಳು ಆಯಾ ಪ್ಯಾರಿಷ್‌ಗಳಲ್ಲೇ (ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶ) ಇದ್ದವು, ಉಳಿದವು. 2015ರಲ್ಲಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವುಗಳ ಪುಟಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಹಾಕಿದೆ. 1864ರಿಂದ ಎಲ್ಲರ ಜನನ, ಮದುವೆ, ಮರಣ ಸರ್ಕಾರದ ನೋಂದಣಿಯಲ್ಲಿವೆ. 1901 ಮತ್ತು 1911ರ ಜನಗಣತಿಯೂ ಉಳಿದಿದೆ, ಅದೂ ಉಚಿತ. ಅಂದರೆ 1868ರಲ್ಲಿ ಹುಟ್ಟಿದ ಹುಡುಗಿಯ ವಿಷಯದಲ್ಲಿ “ಸುಟ್ಟುಹೋಗಿದೆ” ಅನ್ನೋದು ನೆಪ, ಅಷ್ಟೆ.

ಪ್ರವಾಸ ಮುಗಿಸಿ ಬಂದ ಮೇಲೆ ನಾನೇ ರಾತ್ರಿ ಕೂತು ಹುಡುಕಿದೆ. ಅವರು ತೋರಿಸಿದ ಮೇರಿಯ ಜ್ಞಾನಸ್ನಾನದ ದಾಖಲೆ ಸಿಕ್ಕಿತು. ಆಮೇಲೆ 1890ರ ಮದುವೆ ನೋಂದಣಿ. ಅದೇ ಹುಡುಗಿ, ಅದೇ ಅಪ್ಪ, ಅದೇ ಹಳ್ಳಿ. ಪಕ್ಕದೂರಿನ ರೈತನನ್ನು ಮದುವೆಯಾಗಿದ್ದಾಳೆ. 1901ರ ಜನಗಣತಿಯಲ್ಲಿ ಗಂಡ, ನಾಲ್ಕು ಮಕ್ಕಳ ಜೊತೆ ಅಲ್ಲೇ ಇದ್ದಾಳೆ. ನಮ್ಮ ಅತ್ತೆಯವರ ಅಜ್ಜಿ ಅಮೆರಿಕಕ್ಕೆ ಬಂದದ್ದು 1887ರಲ್ಲಿ ಅಂತ 1900ರ ಅಮೆರಿಕದ ಜನಗಣತಿ ಹೇಳುತ್ತದೆ. ಆ ಕಾರ್ಕ್‌ನ ಹೆಣ್ಣುಮಗಳು ಹಡಗನ್ನೇ ಹತ್ತಿರಲಿಲ್ಲ.

ಕಾರ್ಕ್, ಅದರ ಪಕ್ಕದ ಕೆರಿ ಕೌಂಟಿ ಕಡೆ ಮೇರಿ ಸಲಿವನ್ ಅಂದರೆ ನಮ್ಮಲ್ಲಿ ಮಂಜುನಾಥ ಅಂದ ಹಾಗೆ. ಹೆಸರು, ವಯಸ್ಸು ಹೊಂದಿದರೆ ಸಾಕು ಅಂತ ಯಾರನ್ನೋ ತಂದು ಜೋಡಿಸಿದ್ದರು. ಹೆಸರುವಾಸಿಯಾದವರ ವಿಷಯದಲ್ಲೂ ಹೀಗೆ ಆಗಿದೆ. 1892ರ ಜನವರಿ 1ರಂದು ನ್ಯೂಯಾರ್ಕ್‌ನಲ್ಲಿ ವಲಸೆ ಬಂದವರ ತಪಾಸಣೆಯ ಕೇಂದ್ರವಾದ ಎಲ್ಲಿಸ್ ಐಲೆಂಡ್ ತೆರೆದಾಗ ಮೊದಲು ಕಾಲಿಟ್ಟವಳು ಕಾರ್ಕ್‌ನ ಆ್ಯನಿ ಮೂರ್. ಆಕೆ ಟೆಕ್ಸಾಸ್‌ಗೆ ಹೋಗಿ ಬಾಳಿದಳು ಅಂತ ಎಷ್ಟೋ ವರ್ಷ ನಂಬಿದ್ದರು. ಟೆಕ್ಸಾಸ್‌ನ ಆ್ಯನಿ ಅಮೆರಿಕದಲ್ಲೇ, ಇಲಿನಾಯ್‌ನಲ್ಲಿ ಹುಟ್ಟಿದವಳು ಅಂತ ಗೊತ್ತಾಗಿದ್ದು 2006ರಲ್ಲಿ. ನಿಜವಾದ ಆ್ಯನಿ ನ್ಯೂಯಾರ್ಕ್‌ನಲ್ಲೇ ಬಾಳಿ, ಅಲ್ಲೇ ತೀರಿಕೊಂಡಿದ್ದಳು.

ನೀವು ಹುಡುಕುವುದಾದರೆ ಐರ್ಲೆಂಡಿನಿಂದ ಶುರು ಮಾಡಲೇಬೇಡಿ. ಅಲ್ಲಿ 60,000ಕ್ಕೂ ಜಾಸ್ತಿ ಟೌನ್‌ಲ್ಯಾಂಡ್‌ಗಳಿವೆ (ಪ್ಯಾರಿಷ್‌ಗಿಂತ ಚಿಕ್ಕ, ಹೆಸರಿರುವ ಜಾಗಗಳು), ಒಂದೇ ಹೆಸರಿನವು ಬೇಕಾದಷ್ಟು. ಹಳೇ ಹಡಗಿನ ಪಟ್ಟಿಗಳಲ್ಲಿ ಹೆಚ್ಚಾಗಿ ‘ಐರ್ಲೆಂಡ್’ ಅಂತ ಮಾತ್ರ ಇರುತ್ತದೆ. ಊರಿನ ಸುಳಿವು ಸಿಗುವುದು ಅಮೆರಿಕದ ಕಾಗದಗಳಲ್ಲೇ. ಮರಣ ದಾಖಲೆ, ಚರ್ಚ್‌ನ ಮದುವೆ ಪುಸ್ತಕ, ಸಮಾಧಿಯ ಕಲ್ಲು, ಮಕ್ಕಳ ಜ್ಞಾನಸ್ನಾನಕ್ಕೆ ನಿಂತವರ ಹೆಸರು. ಬಾಸ್ಟನ್‌ನ ‘ಪೈಲಟ್’ ಪತ್ರಿಕೆ 1831ರಿಂದ ‘ಕಾಣೆಯಾದ ಬಂಧುಗಳು’ ಅಂತ ಜಾಹೀರಾತು ಹಾಕುತ್ತಿತ್ತು. ಅಣ್ಣ ತಂಗಿಯನ್ನು, ಹೆಂಡತಿ ಗಂಡನನ್ನು ಹುಡುಕಿ ಹಾಕಿಸಿದ್ದು. ಅವುಗಳಲ್ಲಿ ಕೌಂಟಿ, ಪ್ಯಾರಿಷ್ ಕೂಡ ಇರುತ್ತಿದ್ದವು. ಓದುವಾಗ ಕಣ್ಣು ತುಂಬುತ್ತದೆ. ಯಾರಿಗಾದರೂ ದುಡ್ಡು ಕೊಟ್ಟು ಮಾಡಿಸಿದರೂ ಒಂದೊಂದು ತಲೆಮಾರಿಗೂ ದಾಖಲೆಯ ಪ್ರತಿ ಕೇಳಿ. ಅದು ಕೈಗೆ ಬರುವ ತನಕ ವಿಮಾನದ ಟಿಕೆಟ್ ತೆಗೆಸಬೇಡಿ.

ದುಡ್ಡು ವಾಪಸ್ ಬರಲಿಲ್ಲ. ಅತ್ತೆಯವರಿಗೆ ನಿಜ ಹೇಳಲು ನನಗೆ ಎರಡು ವಾರ ಬೇಕಾಯಿತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಹೂವು ಯಾರಿಗಾದರೂ ಸಲ್ಲುತ್ತೆ ಬಿಡು” ಅಂದರು.

ಮೊನ್ನೆ ಅಜ್ಜಿಯ ನಿಜವಾದ ಮರಣ ದಾಖಲೆ ಬಂತು. ಅಪ್ಪ ಅಮ್ಮ ಇಬ್ಬರ ಹೆಸರೂ ಇದೆ, ಪುಸ್ತಕದಲ್ಲಿದ್ದ ಹೆಸರುಗಳಲ್ಲ. ಬಾಸ್ಟನ್ ಚರ್ಚ್‌ನ ಮದುವೆ ಪುಸ್ತಕದಲ್ಲಿ ‘ಕೆರಿ’ ಅಂತ ಬರೆದಿದೆ. ದಿನಾ ಊಟ ಆದ ಮೇಲೆ ಅತ್ತೆ ಸೊಸೆ ಇಬ್ಬರೂ ಕೂತು ಕೆರಿಯ ಪ್ಯಾರಿಷ್ ಪುಟಗಳನ್ನು ಒಂದೊಂದಾಗಿ ನೋಡುತ್ತಿದ್ದೇವೆ. ಈಗ 1866ಕ್ಕೆ ಬಂದಿದ್ದೇವೆ.