ಗಪ್ಪಿಗೆ ಹೋಗಿ, ‘ಮಿಕ್ಸ್ ಆಫ್ರಿಕನ್’ ಟ್ಯಾಂಕ್ ಮಾತ್ರ ಬೇಡ

ಕಾಸರಗೋಡು ಹಳೆ ಬಸ್ ಸ್ಟ್ಯಾಂಡಿನ ಹತ್ತಿರದ ಒಳರಸ್ತೆಯಲ್ಲಿರುವ ಬಣ್ಣದ ಮೀನಿನ ಅಂಗಡಿ. ಐದರಲ್ಲಿ ಮೂರೂವರೆ ಸ್ಟಾರ್. ಹೊಗಳಿಕೆಯೂ ಇದೆ, ದೂರೂ ಇದೆ, ಹಾಗಾಗಿ ಅಂಗಡಿಯ ಹೆಸರು ಹಾಕುವುದಿಲ್ಲ.

ನಾನು ಬದಿಯಡ್ಕದಲ್ಲಿ ಬ್ಲೌಸ್ ಹೊಲಿಯುವವಳು. ಹೊಲಿಗೆ ಮಿಶನ್ ಪಕ್ಕದಲ್ಲೇ ಮೂರಡಿಯ ಟ್ಯಾಂಕ್ ಇದೆ. ಅಳತೆ ಕೊಡಲು ಬಂದವರ ಮಕ್ಕಳು ಅದರ ಮುಂದೆ ಗಲಾಟೆ ಮಾಡದೆ ಕೂರುತ್ತವೆ. ಅದಕ್ಕೆ ಮೀನು ತರುವುದು ಇಲ್ಲಿಂದ.

ಮೊದಲು ಒಳ್ಳೆಯದು ಹೇಳುತ್ತೇನೆ. ಗಾಜು ಸ್ವಚ್ಛ, ನೀರು ವಾಸನೆ ಹೊಡೆಯುವುದಿಲ್ಲ, ಸತ್ತ ಮೀನು ತೇಲಿದ್ದು ನಾನು ನೋಡಿಲ್ಲ. ಗಿಡಗಳು ಚೆನ್ನಾಗಿವೆ. ಹುಡುಗ ಬಲೆ ಹಿಡಿದು ಓಡಿಸುವುದಿಲ್ಲ, ಮೂಲೆಗೆ ತಂದು ಮೆಲ್ಲಗೆ ಎತ್ತುತ್ತಾನೆ.

ದೂರು ಲೈಟಿನದ್ದು. ಎಲ್ಲ ಟ್ಯಾಂಕಿನ ಮೇಲೂ ನೇರಳೆ-ಕೆಂಪು ಎಲ್‌ಇಡಿ. ಅದರಡಿ ಸಪ್ಪೆ ಮೀನೂ ಕೆಂಡದಂತೆ ಕಾಣುತ್ತದೆ. ಬ್ಲೌಸ್ ಪೀಸ್ ಮ್ಯಾಚ್ ಮಾಡುವ ಯಾರೂ ಟ್ಯೂಬ್‌ಲೈಟ್ ನಂಬುವುದಿಲ್ಲ, ಸೀರೆ ಹಿಡಿದು ಬಾಗಿಲ ಹತ್ತಿರ ಬರುತ್ತಾರೆ ಅಲ್ವಾ? “ಆ ಲೈಟೊಂದು ಆಫ್ ಮಾಡು ಮಾರಾಯ” ಅಂದೆ. “ಆಫ್ ಮಾಡಿದ್ರೆ ಯಾರು ತಗೊಳ್ತಾರೆ ಅಕ್ಕಾ?” ಅಂತ ನಕ್ಕ. ಆದರೂ ಆಫ್ ಮಾಡಿದ. ಒಳ್ಳೆಯ ಹುಡುಗ.

ಬಿಳಿ ಬೆಳಕಲ್ಲಿ ನೋಡಿದ್ದು ‘ಮಿಕ್ಸ್ ಆಫ್ರಿಕನ್’ ಅಂತ ಚೀಟಿ ಅಂಟಿಸಿದ ದೊಡ್ಡ ಟ್ಯಾಂಕು. ಒಂದಕ್ಕೆ 80 ರೂಪಾಯಿ. ಆಫ್ರಿಕಾದ ವಿಕ್ಟೋರಿಯಾ ಸರೋವರದ ಸಿಕ್ಲಿಡ್ ಮೀನು, ಮಲಾವಿ ಸರೋವರದ್ದು, ಎಲ್ಲ ಒಂದೇ ನೀರಲ್ಲಿ. ಗಂಡುಗಳೇನೋ ಗೊತ್ತಾಗುತ್ತವೆ. ಒಂದಕ್ಕೆ ಬೆನ್ನೆಲ್ಲ ಕೆಂಪು, ಪಕ್ಕದಲ್ಲಿ ಕಪ್ಪು ಪಟ್ಟೆ. ಇನ್ನೊಂದಕ್ಕೆ ಉಕ್ಕಿನ ನೀಲಿ. ಕೆಳಗೆ ಕಲ್ಲಿನ ಹತ್ತಿರ ಬೂದು-ಕಂದು ಹೆಣ್ಣುಗಳ ರಾಶಿ. ಯಾವ ಹೆಣ್ಣು ಯಾವ ಜಾತಿಯದು ಅಂತ ಕೇಳಿದೆ. “ಎಲ್ಲ ಒಂದೇ ಅಕ್ಕಾ, ಹಾಕಿ ನೋಡಿ, ಮರಿ ಆಗ್ತದೆ” ಅಂದ.

ಆಗ್ತದೆ, ಅದೇ ತೊಂದರೆ! ವಿಕ್ಟೋರಿಯಾದಲ್ಲಿ ಪುಂಡಮಿಲಿಯ ಅನ್ನುವ ಸಿಕ್ಲಿಡ್ ಗುಂಪಿದೆ, ಅದರಲ್ಲಿ ನೀಲಿ ಗಂಡಿನದು ಒಂದು ಜಾತಿ, ಕೆಂಪು ಗಂಡಿನದು ಇನ್ನೊಂದು. ಎರಡನ್ನೂ ಕೂಡಿಸಿದರೆ ಹುಟ್ಟುವ ಮರಿಗಳಿಗೂ ಮುಂದೆ ಮರಿಯಾಗುತ್ತವೆ. ಹಾಗಿದ್ದೂ ಕೆರೆಯಲ್ಲಿ ಬೇರೆ ಬೇರೆ ಉಳಿದಿರುವುದು ಮುಖ್ಯವಾಗಿ ಹೆಣ್ಣಿನ ಕಣ್ಣಿನಿಂದ. ಈ ಹೆಣ್ಣುಗಳು ಮೊಟ್ಟೆ, ಮರಿ ಎಲ್ಲ ಬಾಯೊಳಗೆ ಇಟ್ಟುಕೊಂಡು ಒಬ್ಬಂಟಿಯಾಗಿ ಸಾಕುತ್ತವೆ. ಗಂಡು ಕೊಡುವುದು ಬೀಜ ಮಾತ್ರ. ಆರಿಸುವುದರಲ್ಲಿ ಹೆಣ್ಣು ಬಿಗಿಯಾಗಿರದೆ ಇನ್ನೇನು? ವಿಜ್ಞಾನಿ ಓಲೆ ಸೇಹೌಸನ್ ಮತ್ತು ಜೊತೆಗಾರರು ಇದನ್ನು ಟ್ಯಾಂಕಿನಲ್ಲಿಟ್ಟು ನೋಡಿದರು. ಬಿಳಿ ಬೆಳಕಲ್ಲಿ ಹೆಣ್ಣು ತನ್ನ ಜಾತಿಯ ಗಂಡಿನ ಕಡೆಗೇ ಹೋಯಿತು. ಬಣ್ಣದ ವ್ಯತ್ಯಾಸ ಕಾಣದಂಥ ಕಿತ್ತಳೆ ಬೆಳಕು ಹಾಕಿದರೆ ಆ ಭೇದವೇ ಹೋಯಿತು. ಸರೋವರದಲ್ಲೂ ಅದೇ ಕತೆ: ನೀರು ತಿಳಿಯಾಗಿರುವ ಕಡೆ ಜಾತಿಗಳು ಜಾಸ್ತಿ, ಬಣ್ಣ ಗಾಢ. ಕೊಳಚೆ ಸೇರಿ ಕದಡಿದ ಕಡೆ ಬಣ್ಣವೂ ಮಾಸಲು, ಜಾತಿಗಳೂ ಕಮ್ಮಿ. ಈ ಅಧ್ಯಯನ ಬಂದದ್ದು 1997ರಲ್ಲಿ. 2008ರಲ್ಲಿ ಇನ್ನೊಂದು ಅಧ್ಯಯನ ಸೇರಿತು. ಆ ನೀರಲ್ಲಿ ಕೆಳಗಿಳಿದಂತೆ ನೀಲಿ ಬೆಳಕು ಮೊದಲು ಕಳೆದುಹೋಗಿ ಕೆಂಪು ಉಳಿಯುತ್ತದೆ. ಕೆಂಪು ಗಂಡಿನ ಜಾತಿ ಇರುವುದು ಆಳದಲ್ಲಿ, ಕಣ್ಣಿನ ಜೀನ್ ಕೂಡ ಕೆಂಪಿಗೆ ಹೊಂದುವಂಥದ್ದು. ನೀಲಿಯದು ಮೇಲೆ ದಡದ ಹತ್ತಿರ.

ಈಗ ನೇರಳೆ ಲೈಟಿನಡಿ, ಎಲ್ಲವೂ ಒತ್ತೊತ್ತಾಗಿರುವ ಟ್ಯಾಂಕಿನಲ್ಲಿ ಆ ಹೆಣ್ಣು ಏನು ಆರಿಸಬೇಕು? ಅಲ್ಲಿಂದ ತಂದ ಹೆಣ್ಣಿನ ಬಾಯಲ್ಲಿ ಯಾರ ಮರಿ ಇದೆಯೋ ದೇವರೇ ಬಲ್ಲ. ಮುಂದೆ ಅವನ್ನೇ ಯಾರೋ ಶುದ್ಧ ಜಾತಿ ಅಂತ ಮಾರುತ್ತಾರೆ. 80 ರೂಪಾಯಿ ಅಗ್ಗ ಅಂತ ಮರುಳಾಗಬೇಡಿ.

ಅಂದಹಾಗೆ ನಮ್ಮ ಕರಿಮೀನೂ ಇವುಗಳ ಬಳಗದ್ದೇ, ಸಿಕ್ಲಿಡ್. ಇಡೀ ಭಾರತಕ್ಕೆ ಸ್ವಂತದ್ದು ಅಂತ ಇರುವುದು ಮೂರೇ ಜಾತಿ, ವಿಕ್ಟೋರಿಯಾ ಒಂದರಲ್ಲೇ ನೂರಾರು. ಕರಿಮೀನಿನಲ್ಲಿ ಗಂಡು-ಹೆಣ್ಣು ನೋಡಲು ಒಂದೇ ಥರ, ಇಬ್ಬರೂ ಸೇರಿ ಮರಿ ಕಾಯುತ್ತಾರೆ. ಬಣ್ಣ ತೋರಿಸಿ ಗೆಲ್ಲುವ ಗಂಡು ಅಲ್ಲಿಲ್ಲ. ಜಾತಿ ಕಮ್ಮಿ ಇರಲು ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಪಕ್ಕಪಕ್ಕದಲ್ಲಿಟ್ಟು ನೋಡಲು ಮಜಾ ಇದೆ. ಈ ಅಂಗಡಿಯಲ್ಲಿ ಕರಿಮೀನು ಸಾಕಲು ಸಿಗುವುದಿಲ್ಲ. ತಿನ್ನಲು ಮಾರ್ಕೆಟ್‌ಗೆ ಹೋಗಬೇಕು.

ಗಪ್ಪಿಗೆ ಮಾತ್ರ ಪೂರ್ತಿ ಮಾರ್ಕು. ಗಂಡು-ಹೆಣ್ಣು ಬೇರೆ ಬೇರೆ ಟ್ಯಾಂಕು, ಬಾಲ ಹರಿದದ್ದಿಲ್ಲ, ಜೋಡಿಗೆ 60. ಗಪ್ಪಿ ಹೆಣ್ಣೂ ಕಣ್ಣಿನ ಗಿರಾಕಿಯೇ, ಕಿತ್ತಳೆ ಚುಕ್ಕಿ ಕಂಡರೆ ಹತ್ತಿರ ಹೋಗುತ್ತದೆ. ಟ್ರಿನಿಡಾಡಿನ ತೊರೆಗಳಲ್ಲಿ ಗಪ್ಪಿಯನ್ನು ಹಿಡಿದು ತಿನ್ನುವ ಮೀನು ಜಾಸ್ತಿ ಇರುವ ಕಡೆ ಗಂಡುಗಳು ಮಂಕು, ಕಮ್ಮಿ ಇರುವ ಕಡೆ ಝಗಮಗ ಅಂತ ವಿಜ್ಞಾನಿ ಜಾನ್ ಎಂಡ್ಲರ್ 1980ರಲ್ಲೇ ತೋರಿಸಿದ್ದರು. ಒಂದು ವಿಷಯ ತಿಳಿದಿರಲಿ: ಹೆಣ್ಣು ಗಪ್ಪಿ ಗಂಡಿನ ಬೀಜವನ್ನು ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ. ನೀವು ಇಷ್ಟಪಟ್ಟು ತಂದ ಗಂಡಿನ ಬಣ್ಣವನ್ನು ಮೊದಲ ಮರಿಗಳಲ್ಲಿ ಹುಡುಕಿ ಅಂಗಡಿಯವನಿಗೆ ಬೈಯಬೇಡಿ.

ಗೂಗಲ್ ಪೇ ನಡೆಯುತ್ತದೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಬಿಸಿಲಲ್ಲಿ ಬಸ್ಸಿಗೆ ಒಯ್ಯುವವರು ಥರ್ಮಾಕೋಲ್ ಡಬ್ಬ ಕೇಳಿ, ಕೇಳದೆ ಕೊಡುವುದಿಲ್ಲ. ಲೈಟ್ ಆಫ್ ಮಾಡಲು ಹೇಳಿ, ಆಮೇಲೆ ದುಡ್ಡು ಕೊಡಿ.