ಮುತ್ತೋಡಿಯ ನೆರಳಿಗೊಂದು, ಲಕ್ಕವಳ್ಳಿಯ ಬಿಸಿಲಿಗೊಂದು: ಮೂರು ಲೆನ್ಸ್‌ಗಳ ಹೋಲಿಕೆ

ಹಕ್ಕಿ, ಪ್ರಾಣಿಗಳ ಫೋಟೊಗೆ ಯಾವ ಲೆನ್ಸ್? ಬಾಡಿ (ಕ್ಯಾಮೆರಾ) ಒಂದೇ, ನಿಕಾನ್ ಡಿ500. ಲೆನ್ಸ್ ಮೂರು: ನಿಕಾನ್ 200-500 ಎಫ್/5.6, ಸಿಗ್ಮಾ 150-600 ಕಂಟೆಂಪರರಿ, ನಿಕಾನ್ 300 ಎಫ್/4 ಪಿಎಫ್ (ಫ್ರೆನೆಲ್ ಗಾಜು ಬಳಸಿ ಹಗುರ ಮಾಡಿದ್ದು). ಮೊದಲ ಅಂಕಿ ಮಿಮೀ ಲೆಕ್ಕ, ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ; ಎಫ್/ ಎಂಬುದು ಲೆನ್ಸಿನ ಕಿಂಡಿ (ಅಪರ್ಚರ್), ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಮಿರರ್‌ಲೆಸ್‌ಗೆ ಹೋಗುವವರು ಬಿಟ್ಟುಕೊಡುತ್ತಿರುವುದರಿಂದ ಮೂರೂ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಕೊಳ್ಳುವವರ ಕಣ್ಣು ಮಾತ್ರ ಸದಾ 600 ಎಂಬ ಅಂಕಿಯ ಮೇಲೆ. ನಮ್ಮ ಮಲೆನಾಡಿನಲ್ಲಿ ಆ ಅಂಕಿ ಅರ್ಧ ಕಡೆ ಉಪಯೋಗಕ್ಕೇ ಬರುವುದಿಲ್ಲ.

ಮೊದಲು ನೆರಳಿನ ಲೆಕ್ಕ. ಭದ್ರಾ ಅಭಯಾರಣ್ಯದ ಮುತ್ತೋಡಿಯ ಕಾಡಿರಲಿ, ಸಕಲೇಶಪುರದ ಕಾಫಿ ತೋಟವಿರಲಿ, ಬೆಳಗ್ಗೆ ಏಳೂವರೆಗೆ ಮರದಡಿ ಕೂತ ಮಲಬಾರ್ ಟ್ರೋಗನ್‌ಗೆ ಎಫ್/4, ಶಟರ್ 1/250 ಸೆಕೆಂಡ್ ಇಟ್ಟರೆ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200ರ ಸುಮಾರು ಬೇಕಾಗುತ್ತದೆ. ಅದೇ ಶಟರ್‌ಗೆ 200-500 ಕೇಳುವುದು 6400. ಸಿಗ್ಮಾ 400 ಮಿಮೀ ಮುಟ್ಟುವ ಮೊದಲೇ ಎಫ್/6.3ಕ್ಕೆ ಇಳಿದಿರುತ್ತದೆ, ಹಾಗಾಗಿ ಅದಕ್ಕೆ 8000. ಡಿ500ನಲ್ಲಿ 3200ರ ಫೈಲ್ ಸಲೀಸಾಗಿ ಸುಧಾರಿಸುತ್ತದೆ. 8000ದಲ್ಲಿ ಎದೆಯ ಸಣ್ಣ ಗರಿಗಳ ಎಳೆ ಕಲಸಿಹೋಗುತ್ತದೆ, ನಾಯ್ಸ್ (ಕಾಳುಕಾಳು ಚುಕ್ಕೆ) ತೆಗೆಯಲು ಹೋದರೆ ಮೇಣ ಬಳಿದಂತಾಗುತ್ತದೆ. ಟ್ರೋಗನ್ ಕೂತಲ್ಲೇ ಕೂರುವ ಹಕ್ಕಿಯಾದ್ದರಿಂದ ವಿಆರ್ (ಕೈನಡುಕ ಸರಿಪಡಿಸುವ ವ್ಯವಸ್ಥೆ) ಹಾಕಿ 1/100ಕ್ಕೂ ಇಳಿಯಬಹುದು. ಅಲ್ಲಿಯೂ ಮುಕ್ಕಾಲು ಕೆಜಿಯ 300 ಕೈಯಲ್ಲಿ ಅಲುಗದೆ ನಿಲ್ಲುತ್ತದೆ. ಎರಡು ಕೆಜಿ ಆಸುಪಾಸಿನ ಲೆನ್ಸ್ ಎರಡು ನಿಮಿಷದಲ್ಲೇ ನಡುಗತೊಡಗುತ್ತದೆ.

ದೂರ ಸಾಲದಿದ್ದರೆ? ಲೆನ್ಸಿಗೂ ಕ್ಯಾಮೆರಾಗೂ ನಡುವೆ 1.4 ಪಟ್ಟು ಹಿಗ್ಗಿಸುವ ಕನ್ವರ್ಟರ್ ಹಾಕಿದರೆ 300 ಎಂಬುದು 420 ಎಫ್/5.6 ಆಗುತ್ತದೆ, ಒಟ್ಟು ತೂಕ ಆಗಲೂ ಒಂದು ಕೆಜಿಯೊಳಗೇ. 500ರ ಚೌಕಟ್ಟಿಗೆ ಕ್ರಾಪ್ ಮಾಡಿದರೆ (ಅಂಚು ಕತ್ತರಿಸಿದರೆ) 20.9 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 14.7 ಉಳಿಯುತ್ತದೆ. ಪ್ರಿಂಟ್‌ಗೆ ಧಾರಾಳ. 600ಕ್ಕೆ ಸರಿಗಟ್ಟಲು ಹೊರಟರೆ ಹತ್ತು ಉಳಿಯುತ್ತದೆ, ಅದೂ ನಡೆಯುತ್ತದೆ. ಕನ್ವರ್ಟರ್ ಇಲ್ಲದ ಬರಿ 300ರಿಂದ ಅಷ್ಟು ಕ್ರಾಪ್ ಮಾಡಿದರೆ ಐದೇ ಮೆಗಾಪಿಕ್ಸೆಲ್. ಆ ಆಸೆ ಬೇಡ.

ಪಿಎಫ್‌ಗೆ ಒಂದು ದೋಷವಿದೆ. ಹಕ್ಕಿಯ ಹಿಂದೆ ಎಲೆಗಳ ಸಂದಿಯಿಂದ ಬಿಸಿಲು ನೇರವಾಗಿ ಇಣುಕಿದರೆ, ಆ ಹೊಳಪಿನ ಸುತ್ತ ಬಣ್ಣದ ಬಳೆಯಂಥ ಉಂಗುರ ಬೀಳುತ್ತದೆ. ಲೆನ್ಸಿನೊಳಗಿನ ಫ್ರೆನೆಲ್ ಗಾಜಿನ ಗುಣ ಅದು; ಹುಡ್ ಹಾಕಿದರೂ ಹೋಗುವುದಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಬೆಳಕಿನ ಕಿಂಡಿಯನ್ನು ಕಾಂಡದ ಮರೆಗೆ ತಂದುಕೊಂಡರೆ ಮುಗಿಯಿತು.

ಹತ್ತಿರದ ವಸ್ತುಗಳಿಗೂ ಇದೇ ಮುಂದು. 300 ಪಿಎಫ್ 1.4 ಮೀಟರಿಗೆ ಫೋಕಸ್ ಆಗುತ್ತದೆ, ಚೌಕಟ್ಟಿನ ಅಗಲ ಸುಮಾರು ಹತ್ತು ಸೆಂಟಿಮೀಟರ್. ಬಿಸಿಲೆಯ ಪೊದೆಯಲ್ಲಿ ಕೂತ ಪಿಟ್ ವೈಪರ್‌ಗೆ, ಚಿಟ್ಟೆಗೆ ಅಷ್ಟು ಸಾಕು. 200-500ಗೆ 2.2 ಮೀಟರ್, ಸಿಗ್ಮಾಗೆ 2.8. ಕಿರಿದಾದ ಕಾಲುದಾರಿಯಲ್ಲಿ ಅಷ್ಟು ಹಿಂದೆ ಸರಿಯಲು ಜಾಗ ಎಲ್ಲಿಂದ ಬರಬೇಕು?

ಲಕ್ಕವಳ್ಳಿಯಲ್ಲಿ ಲೆಕ್ಕ ತಲೆಕೆಳಗು. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದು ನಡುಗಡ್ಡೆ ತೆರೆದುಕೊಂಡಾಗ ರಿವರ್ ಟರ್ನ್‌ಗಳು ಎಂಬ ನೀರುಹಕ್ಕಿಗಳು ಅಲ್ಲಿ ಮೊಟ್ಟೆಯಿಡುತ್ತವೆ. ಗೂಡಿನ ಹತ್ತಿರ ದೋಣಿ ಒಯ್ಯಲೇಬಾರದು. ತಾಯಿ ಎದ್ದು ಹೋದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ದೂರದಿಂದಲೇ ತೆಗೆಯಬೇಕಾದ್ದರಿಂದ ಇಲ್ಲಿ ಜೂಮ್‌ಗಳದ್ದೇ ರಾಜ್ಯ. ಎಫ್/6.3, 1/2500ಕ್ಕೆ ಐಎಸ್ಒ 400ರಿಂದ 640 ಸಾಕು, ಹಾಗಾಗಿ ಸಿಗ್ಮಾದ ಕಿರಿದಾದ ಅಪರ್ಚರ್ ಲೆಕ್ಕಕ್ಕೇ ಬರುವುದಿಲ್ಲ. ಹಿನ್ನೆಲೆಯ ನೀರು ಕಪ್ಪಾಗಿದ್ದರೆ ಮ್ಯಾಟ್ರಿಕ್ಸ್ ಮೀಟರಿಂಗ್ (ಇಡೀ ಚೌಕಟ್ಟಿನ ಬೆಳಕು ಅಳೆಯುವ ಕ್ರಮ) ಟರ್ನ್ ಹಕ್ಕಿಯ ಬಿಳಿ ಹೊಟ್ಟೆಯನ್ನು ಸುಟ್ಟುಬಿಡುತ್ತದೆ, ಎಕ್ಸ್‌ಪೋಶರ್ ಮೈನಸ್ 0.7 ಕೊಡಿ. ಫೋಕಸ್ ಲಿಮಿಟರ್ ಹಾಕಿಡಿ (ನಿಕಾನ್‌ನಲ್ಲಿ 6 ಮೀಟರಿನಿಂದಾಚೆ, ಸಿಗ್ಮಾದಲ್ಲಿ 10ರಿಂದಾಚೆ). ಇಲ್ಲದಿದ್ದರೆ ಹಕ್ಕಿ ತಪ್ಪಿದಾಗ ಲೆನ್ಸ್ ಹತ್ತಿರದ ತುದಿಯವರೆಗೂ ಹುಡುಕಿಕೊಂಡು ಬರುತ್ತದೆ, ಅಷ್ಟರಲ್ಲಿ ಟರ್ನ್ ಮೀನು ಹಿಡಿದು ಹೋಗಿರುತ್ತದೆ.

ಪೂರ್ತಿ ತೆರೆದ ಅಪರ್ಚರ್‌ನಲ್ಲಿ 200-500ರ 500, ಸಿಗ್ಮಾದ 600ಕ್ಕಿಂತ ಹರಿತ. ಸಿಗ್ಮಾವನ್ನು ಎಫ್/8ಕ್ಕೆ ಇಳಿಸಿದರೆ ಅಂತರ ಬಹುಮಟ್ಟಿಗೆ ಮುಚ್ಚುತ್ತದೆ. ಆದರೆ ಹತ್ತು ಗಂಟೆ ಮೇಲೆ ನೀರಿನ ಮೇಲಿನ ಬಿಸಿಗಾಳಿ ಕುಣಿಯತೊಡಗಿದರೆ ಎರಡೂ ಒಂದೇ. ಆಗಿನ ಮಬ್ಬು ಫೋಟೊ ನೋಡಿ ಲೆನ್ಸ್ ಮಾರಲು ಹೊರಡುವವರಿದ್ದಾರೆ! ನೆರಳಿನಲ್ಲಿ, ಇಪ್ಪತ್ತು ಮೀಟರಿನೊಳಗಿನ ಕಾಂಡದ ಮೇಲೆ ಪರೀಕ್ಷಿಸಿ ಆಮೇಲೆ ತೀರ್ಮಾನಿಸಿ.

ಜೀಪಿನಲ್ಲಿ ನನ್ನ ಒಲವು ಸಿಗ್ಮಾ ಕಡೆಗೆ. ಹಾದಿ ಪಕ್ಕದಲ್ಲೇ ಕಾಟಿ ನಿಂತರೆ 150 ಕೈಹಿಡಿಯುತ್ತದೆ. 200-500ರ ಜೂಮ್ ರಿಂಗ್ ಒಂದೇ ತಿರುವಿಗೆ ಈ ತುದಿಯಿಂದ ಆ ತುದಿಗೆ ಹೋಗುವುದಿಲ್ಲ. ಸಿಗ್ಮಾವನ್ನು ಹುಡ್ ಹಿಡಿದು ಎಳೆದರೂ ಸಾಕು. ಬೀನ್‌ಬ್ಯಾಗ್‌ಗೆ (ಲೆನ್ಸ್ ಊರಿಕೊಳ್ಳುವ ಚೀಲ) ರಾಗಿ ತುಂಬಿ. ಕಾಫಿ ಹೊಟ್ಟು ಹಗುರವೇನೋ ಹೌದು, ಭಾರ ಬಿದ್ದೊಡನೆ ಕುಸಿದು ಕೂರುತ್ತದೆ.

ಮಳೆಗಾಲದಲ್ಲಿ ಜೂಮ್‌ಗಳಿಗೇ ಹೆಚ್ಚು ಅಪಾಯ. ಎರಡೂ ಚಾಚಿಕೊಳ್ಳುವ ಲೆನ್ಸ್‌ಗಳು, ಪ್ರತಿ ಸಲ ಎಳೆದಾಗಲೂ ತೇವದ ಗಾಳಿ ಒಳಗೆ ಹೋಗುತ್ತದೆ. ಉದ್ದ ಬದಲಾಗದ 300ಗೆ ಆ ಕಾಟ ಕಡಿಮೆ. ಮನೆಗೆ ಬಂದ ಮೇಲೆ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಳಗೊಂದು ಹೈಗ್ರೋಮೀಟರ್ ಇಟ್ಟು ತೇವಾಂಶ ಶೇ. 40-50 ಇರುವಂತೆ ನೋಡಿಕೊಳ್ಳಿ. ನೀಲಿ ಜೆಲ್ ಗುಲಾಬಿಯಾದರೆ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಮತ್ತೆ ನೀಲಿಯಾಗುವವರೆಗೆ ಕಾಯಿಸಿ, ಆರಿದ ಮೇಲೆ ಹಾಕಿ.

ತೋಟ, ಕಾಡು, ನಡಿಗೆ ಹೆಚ್ಚಿದ್ದರೆ 300 ಪಿಎಫ್ ಜೊತೆಗೆ ಕನ್ವರ್ಟರ್. ಹಿನ್ನೀರು, ಕೆರೆ ಹೆಚ್ಚಿದ್ದರೆ 200-500. ಸಫಾರಿಯೇ ಮುಖ್ಯವಾಗಿದ್ದರೆ ಸಿಗ್ಮಾ. ಯಾವುದನ್ನೇ ಹಳೆಯದು ಕೊಳ್ಳುವಾಗಲೂ ಮುಂದಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ಇಣುಕಿ ನೋಡಿ. ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಎಷ್ಟೇ ರೇಟು ಇಳಿಸಿದರೂ ಬೇಡ.