ಸಂಶೋಧನೆಗೆ ಯಾವುದು: ನೆಟ್‌ವರ್ಕ್, ಹಂಚಿದ ಡೇಟಾ, ಇಲ್ಲ ತರ್ಕ?

ಅಳೆದು ನೋಡುವ ಖುಷಿ ಬೇಕಾದರೆ ವೇಗದ ನೆಟ್‌ವರ್ಕ್ ಹಿಡಿಯಿರಿ. 10 ಗಿಗಾಬಿಟ್ ಲಿಂಕ್, ಹೋಗಿಬರಲು 100 ಮಿಲಿಸೆಕೆಂಡ್ ಅಂದುಕೊಳ್ಳಿ. ಲಿಂಕ್ ತುಂಬಿರಲು ಯಾವಾಗಲೂ 125 ಮೆಗಾಬೈಟ್ ದಾರಿಯಲ್ಲಿರಬೇಕು. ಟಿಸಿಪಿ ವಿಂಡೋ, ಅಂದರೆ ತಲುಪಿತು ಅನ್ನೋ ಉತ್ತರ ಬರುವ ಮುನ್ನ ಕಳಿಸಬಹುದಾದ ಡೇಟಾದ ಮಿತಿ, 64 ಕಿಲೋಬೈಟ್‌ಗೇ ನಿಂತರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಅಷ್ಟೇ! ಆಗ ಇನ್ನೂ ದೊಡ್ಡ ಲಿಂಕ್ ಹಾಕಿದರೂ ಸುಮ್ನೆ ದಂಡ.

ಹಲವು ಯಂತ್ರಗಳಲ್ಲಿ ಹಂಚಿದ ಡೇಟಾ ವಿಶ್ಲೇಷಣೆಯಲ್ಲಿ ಯೋಚನೆಯೇ ಉಲ್ಟಾ. ಡೇಟಾ ಸಾಗಿಸುವ ಬದಲು ಅದು ಇರುವಲ್ಲಿಗೇ ಲೆಕ್ಕ ಕಳಿಸುತ್ತೀರಿ. ಮೊತ್ತ ಸುಲಭ, ಪ್ರತಿ ಯಂತ್ರದ್ದನ್ನು ಕೂಡಿಸಿದರಾಯಿತು. ಮಧ್ಯಾಂಕ ಹಾಗಲ್ಲ. ತುಂಡುಗಳ ಮಧ್ಯಾಂಕಗಳಿಂದ ಒಟ್ಟು ಡೇಟಾದ ಮಧ್ಯಾಂಕ ಸಿಗುವುದಿಲ್ಲ. ಜೊತೆಗೆ, ನಡುವೆ ಯಂತ್ರಗಳು ಕೈಕೊಡುತ್ತವೆ. ಮೂರರಲ್ಲಿ ನನಗೆ ಜಾಸ್ತಿ ಇಷ್ಟ ಈ ವಿಷಯವೇ.

ಗಣಿತ ತರ್ಕಕ್ಕೆ ಯಂತ್ರಗಳ ಗುಂಪು ಬೇಡ. ಅಂಕಗಣಿತದ ನಿಯಮಗಳಿಂದ ಸಾಧಿಸಲಾಗದ ನಿಜಗಳೂ ಇವೆ ಅನ್ನುವ 1931ರ ಗೋಡೆಲ್ ಪ್ರಮೇಯದ ಮುಂದೆ ವಾರಗಟ್ಟಲೆ ಕೂರುವ ಮನಸ್ಸಿದ್ದರೆ ಮಾತ್ರ ಬನ್ನಿ.